ತೂತು ಯಾಕೆ ಮುಚ್ಚೋದಿಲ್ಲ

"ಅರೆಹುಚ್ಚಿಯನ್ನ ತಂದು ಪೂರ್ತಿ ಹುಚ್ಚನ ಮಡಿಲಲ್ಲಿ ಕೂರಿಸಿದ್ದೀರಲ್ಲ, ಇನ್ನೇನಾಗತ್ತೆ?" ಎಂದರು ನಾಚಿಮುತ್ತು ಗೌಂಡರ್.

ಪಿಸುಮಾತಿನಲ್ಲಿ ಹೇಳಲಿಲ್ಲ. ಕುಲದೇವರ ಗುಡಿಯ ಮುಂದಿನ ಶಾಮಿಯಾನದಲ್ಲಿ ಊಟಕ್ಕೆ ಕೂತವರು ಎಲೆ ಬಿಟ್ಟು ತಲೆಯೆತ್ತುವಷ್ಟು ಜೋರಾಗಿ ಹೇಳಿದರು. ಅವರು ನನ್ನ ಅಕ್ಕ ತಿಲಗವತಿಯ ಮಾವ. ಅರೆಹುಚ್ಚಿ ಎಂದದ್ದು ಸ್ವಂತ ಮೊಮ್ಮಗಳು ಪೂವಿಳಿಯನ್ನು. ಪೂರ್ತಿ ಹುಚ್ಚ ನಾನು, ಅವಳ ಸೋದರಮಾಮ, ಸೆಂಗೋಡ.

ನಮ್ಮಲ್ಲಿ ಮಗುವಿನ ಕಿವಿ ಚುಚ್ಚುವುದು ಸೋದರಮಾಮನ ಮಡಿಲಲ್ಲೇ. ಸಾಮಾನ್ಯವಾಗಿ ಮಗು ಇನ್ನೂ ನಡೆಯುವ ಮೊದಲೇ ಮುಗಿದುಹೋಗುವ ಕೆಲಸ. ಪೂವಿಳಿಗೆ ಎಂಟು ವರ್ಷವಾದರೂ ಕಿವಿ ಚುಚ್ಚಿರಲಿಲ್ಲ, ಯಾಕೆಂದರೆ ಅವಳ ಕಿವಿಗೆ ಯಾರಾದರೂ ಕೈ ಹಾಕಿದರೆ ಊರೇ ಹೊತ್ತಿಕೊಂಡಂತೆ ಕಿರುಚುತ್ತಿದ್ದಳು. ಫ್ರಾಕಿನ ಕುತ್ತಿಗೆಯಲ್ಲಿರುವ ಲೇಬಲ್ಲು ತಾಗಿದರೂ ಅಳುವ ಹುಡುಗಿ ಅವಳು. ಆ ದಿನ ಮಾತ್ರ ನನ್ನ ಮಡಿಲಲ್ಲಿ ಬಂದು ಕೂತಿದ್ದಳು, ತಾನಾಗಿಯೇ. ಆಚಾರಿ ಚಿನ್ನದ ತಂತಿ ಹಿಡಿದು ಮುಂದೆ ಬಂದಾಗ ಕೈಯೆತ್ತಿ ತಡೆದಳು.

"ತಾತಾ, ಒಂದ್ ನಿಮಿಷ. ಮೊಣಕಾಲಿಗೆ ಗಾಯ ಆದ್ರೆ ಮುಚ್ಕೊಳತ್ತೆ. ಕೈಗಾದ್ರೂ ಮುಚ್ಕೊಳತ್ತೆ. ಕಿವಿ ತೂತು ಮಾತ್ರ ಯಾಕೆ ಮುಚ್ಚೋದಿಲ್ಲ?"

"ಚಿನ್ನ ಹಾಕ್ತೀವಲ್ಲ ತಾಯಿ, ಅದಕ್ಕೆ."

"ಹಾಗಾದ್ರೆ ಮೊಣಕಾಲಿಗೆ ಚಿನ್ನ ಹಾಕಿದ್ರೆ?"

ಹೆಂಗಸರು ನಕ್ಕರು. ಪೂವಿಳಿ ನಗಲಿಲ್ಲ. "ಉತ್ತರ ಹೇಳಿ, ಆಮೇಲೆ ಚುಚ್ಚಿ. ನಾನೇನೂ ಓಡಿಹೋಗಲ್ಲ."

"ಓಹೋ, ವಕೀಲ್ರು! ಹಿಡ್ಕೋಳ್ರೇ ತಲೆನ," ಎಂದಳು ಯಾರೋ ಅತ್ತೆ. ಇಬ್ಬರು ತಲೆ ಹಿಡಿದರು, ಒಬ್ಬಳು ಕಾಲು. ಕೈ ಹಿಡಿಯಬೇಕಾದವನು ನಾನು. ಅವಳು ಕಿರುಚಲು ಶುರು ಮಾಡಿದಾಗ ನಾನು ಕೈ ಬಿಟ್ಟುಬಿಟ್ಟೆ. ಮೀನಿನಂತೆ ಜಾರಿ ಓಡಿ ಗುಡಿಯ ಮಣ್ಣಿನ ಕುದುರೆಯ ಹಿಂದೆ ಅಡಗಿಕೊಂಡಳು.

ಆಗ ಗೌಂಡರ್ ಆ ಮಾತು ಹೇಳಿದ್ದು. ಅಲ್ಲಿಗೇ ನಿಲ್ಲಿಸಲಿಲ್ಲ. "ಎಂಟನೇ ಕ್ಲಾಸಿಗೆ ಪುಸ್ತಕ ಬಿಸಾಕಿದವನು. ಯಾವ ಶೆಡ್ಡಲ್ಲೂ ವರ್ಷ ನಿಂತು ಕೆಲಸ ಮಾಡದವನು. ಯಜಮಾನನಿಗೇ ಪಾಠ ಹೇಳೋಕೆ ಹೋಗಿ ಒದೆ ತಿಂದವನು. ಇವನ ರಕ್ತ ಆ ಮಗೂಗೆ ಬಂದಿದೆ. ಕೂಸನ್ನ ಹಿಡ್ಕೊಳೋಕೂ ಬರಲ್ಲ, ಮಾಮನಂತೆ, ಮಾಮ!"

ನಾನು ಸುಮ್ಮನಿರಲಿಲ್ಲ. ಸುಮ್ಮನಿರುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. "ತೂತು ನಿಮ್ಮ ತಲೆಗೆ ಕೊರೆಸಬೇಕು ಗೌಂಡ್ರೇ, ಒಳಗೆ ಸ್ವಲ್ಪ ಗಾಳಿಯಾಡತ್ತೆ," ಎಂದೆ. ಚಂದನದ ಬಟ್ಟಲನ್ನು ಕಾಲಿನಿಂದ ಒದ್ದೆ. ಅದು ಉರುಳಿಹೋಗಿ ಒಬ್ಬಟ್ಟು ಬಡಿಸುತ್ತಿದ್ದವನ ಕಾಲ ಬಳಿ ನಿಂತಿತು. ಕುದುರೆಯ ಕಾಲುಗಳ ನಡುವಿನಿಂದ ಪೂವಿಳಿ ನನ್ನನ್ನೇ ನೋಡುತ್ತಿದ್ದಳು. ಆಗ ಅದು ನನ್ನ ಲಕ್ಷ್ಯಕ್ಕೆ ಬರಲಿಲ್ಲ.

ಗೌಂಡರ್ ಎಲ್ಲರ ಮುಂದೆಯೇ ತೀರ್ಪು ಕೊಟ್ಟರು. ಆಡಿ ತಿಂಗಳ ಅಮಾವಾಸ್ಯೆಗೆ ಮಗುವನ್ನು ಗುಡ್ಡದ ಬುಡದ ಕರುಪ್ಪನ ಗುಡಿಗೆ ಕರೆದೊಯ್ದು ಒಂದು ಮಂಡಲ, ನಲವತ್ತೆಂಟು ದಿನ, ಕೂರಿಸುವುದು. ಪೂಜಾರಿಯ ಹತ್ತಿರ ಆಗಲೇ ಮಾತಾಡಿಯಾಗಿತ್ತು. "ಅಲ್ಲಿ ಕೂರಿಸೋ ಮುಂಚೆ ಸೋದರಮಾಮ ಮಗುವಿನ ಸೊಂಟಕ್ಕೆ ಅರಿಶಿನದ ಹಗ್ಗ ಕಟ್ಟಬೇಕಂತೆ. ಆ ಕೆಲಸಕ್ಕಾದ್ರೂ ಬಾರೋ. ಹಗ್ಗ ಒದೆಯಲ್ಲ, ಕಿರುಚಲ್ಲ, ನಿನ್ನ ಕೈಲಾಗತ್ತೆ."

ಆ ಗುಡಿ ಒಳಗಿನಿಂದ ಹೇಗಿದೆಯೆಂದು ನನಗೆ ಗೊತ್ತು. ನನ್ನನ್ನೂ ಅಲ್ಲಿ ಕೂರಿಸಿದ್ದರು, ಪೂವಿಳಿಯ ವಯಸ್ಸಿನಲ್ಲೇ. ಈಗ ಕಂಬಕ್ಕೆ ಕಟ್ಟುವುದಿಲ್ಲ, ಪೊಲೀಸರು ಬರುತ್ತಾರೆ. ಬಾಗಿಲು ಹಾಕುತ್ತಾರೆ ಅಷ್ಟೇ. ಮಧ್ಯಾಹ್ನ ಪೂಜೆಯ ಹೊತ್ತಿಗೆ ಮುಖಕ್ಕೆ ರಪ್ಪೆಂದು ನೀರೆರಚುತ್ತಾರೆ. ಕಣ್ಣು ಮುಚ್ಚಿದರೆ ಮತ್ತೆ ಎರಚುತ್ತಾರೆ. ನಾನು ಅಲ್ಲಿಂದ ಬಂದಮೇಲೆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದೆ. ಗುಣವಾಯಿತು ಎಂದು ಅಮ್ಮ ಕೋಳಿ ಕೊಯ್ದಳು. ನನ್ನೊಳಗೆ ಏನು ಸತ್ತಿತೆಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಅಕ್ಕ ಅಂದು ಸಂಜೆ ನನ್ನನ್ನು ಹಿತ್ತಲಿಗೆ ಕರೆದಳು. ಅವಳ ಗಂಡ ಲೋಗನಾದನ್ ಲಾರಿ ತೆಗೆದುಕೊಂಡು ನಾಗಪುರದ ಕಡೆ ಹೋಗಿದ್ದ. ಫೋನಿನಲ್ಲಿ ಅಪ್ಪ ಹೇಳಿದಂತೆ ಮಾಡು ಎಂದಿದ್ದನಂತೆ.

"ನನಗೂ ಭಯ ಆಗ್ತಿದೆ ಸೆಂಗೋಡಾ," ಎಂದಳು. "ರಾತ್ರಿಯೆಲ್ಲ ನಿದ್ದೆ ಮಾಡಲ್ಲ ಮಗು. ಅಂಗಳದಲ್ಲಿ ಅಳಿಲು ಸತ್ತಿದ್ದಕ್ಕೆ ಊಟ ಬಿಡ್ತು. ಮೊದಲನೇ ಗಡಿಯಾರಕ್ಕೆ ಟೈಮ್ ಹೇಳಿಕೊಟ್ಟವರು ಯಾರು ಅಂತ ಕೇಳತ್ತೆ. ನಾನೇನು ಹೇಳ್ಲಿ? ಸ್ಕೂಲಲ್ಲಿ ಟೀಸಿ ತಗೊಂಡು ಹೋಗಿ ಅಂತಿದಾರೆ."

"ಅದಕ್ಕೆ ಕರುಪ್ಪನ ನೀರಾ?"

"ನೀನು ಹೇಳು ಬೇರೆ ದಾರಿ. ಇದೇನು ಅಂತ ನನಗೆ ತಿಳಿಯೋ ಹಾಗೆ ಹೇಳೋ ಒಬ್ಬ ಡಾಕ್ಟ್ರನ್ನ ಹುಡುಕು. ಅಮಾವಾಸ್ಯೆವರೆಗೂ ಮಾವನ್ನ ನಾನು ತಡೀತೀನಿ. ಸಿಗಲಿಲ್ಲ ಅಂದ್ರೆ ಹಗ್ಗ ನೀನೇ ಕಟ್ಟಬೇಕು. ನಿನ್ನ ಕೈಯಿಂದಲೇ."

ಕಟ್ಟುತ್ತೇನೆ ಎಂದೆ. ಸಿಗುತ್ತಾರೆ ಎಂಬ ಹಮ್ಮಿನಲ್ಲಿ ಹೇಳಿದ ಮಾತು.

ನಮ್ಮ ನಾಮಕ್ಕಲ್ಲಿನಲ್ಲಿ ಮಕ್ಕಳೆಂದರೆ ಮಾರ್ಕು. ಬಸ್‌ಸ್ಟ್ಯಾಂಡಿನಿಂದ ಹಿಡಿದು ಸುಡುಗಾಡಿನ ಗೋಡೆಯವರೆಗೆ ಮಕ್ಕಳ ತಲೆಗಳ ಫ್ಲೆಕ್ಸ್, ತಲೆಯ ಕೆಳಗೆ ಅಂಕಿ. ಅಂಕಿ ಇಲ್ಲದ ತಲೆಗೆ ಫ್ಲೆಕ್ಸಿನಲ್ಲಿ ಜಾಗವಿಲ್ಲ. ಪೂವಿಳಿಯ ಪರೀಕ್ಷೆಯಲ್ಲಿ ಎರಡು ಜೀವಿಗಳ ಹೆಸರು ಬರೆಯಿರಿ ಎಂದು ಕೇಳಿದ್ದರು. ಬೆಂಕಿ ತಿನ್ನುತ್ತದೆ, ಉಸಿರಾಡುತ್ತದೆ, ಬೆಳೆಯುತ್ತದೆ, ಮರಿ ಹಾಕುತ್ತದೆ, ಹಾಗಿದ್ದರೂ ಅದು ಯಾಕೆ ಜೀವಿಯಲ್ಲ ಎಂದು ಅವಳು ಹಾಳೆಯ ಎರಡೂ ಬದಿ ತುಂಬಿಸಿದ್ದಳು. ಉಳಿದ ಪ್ರಶ್ನೆಗಳನ್ನು ಮುಟ್ಟಿರಲಿಲ್ಲ. ಟೀಚರ್ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿ, ಪಕ್ಕದಲ್ಲಿ 'ಅಧಿಕಪ್ರಸಂಗ' ಎಂದು ಬರೆದಿದ್ದಳು.

ಸೇಲಂನ ಡಾಕ್ಟರು ಮೊದಲು ಕೇಳಿದ್ದೂ ಅದನ್ನೇ. "ಮಾರ್ಕ್ ಶೀಟ್ ತಂದಿದ್ದೀರಾ?"

ಕೊಟ್ಟೆ. ಅದನ್ನು ನೋಡಿದರು. ಮಗುವನ್ನು ನೋಡಲಿಲ್ಲ. ಪೂವಿಳಿ ಮೇಲಿನ ಫ್ಯಾನನ್ನು ನೋಡುತ್ತಾ, ಅದು ಜೋರಾಗಿ ತಿರುಗುವಾಗ ಹಿಂದಕ್ಕೆ ತಿರುಗುವಂತೆ ಯಾಕೆ ಕಾಣುತ್ತದೆ ಎಂದು ಕೇಳಿದಳು. "ನೋಡಿದ್ರಾ, ಗಮನ ಇಲ್ಲ," ಎಂದು ಮಾತ್ರೆ ಬರೆದರು. ಮಾತ್ರೆ ತಿಂದ ಮಗು ಹಿಂಡಿ ಒಣಹಾಕಿದ ಬಟ್ಟೆಯಂತಾಯಿತು. ಕೆಲವರಿಗೆ ಆ ಮಾತ್ರೆ ಬೇಕೇ ಬೇಕು, ಅದರಿಂದ ಬದುಕುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು. ನನ್ನ ಜಗಳ ಮಾತ್ರೆಯ ಮೇಲಲ್ಲ, ತಲೆಯೆತ್ತದೆ ಬರೆದ ಕೈಯ ಮೇಲೆ.

ಮತ್ತೆ ಹೋಗಿ ಅವರ ಕಾಂಪೌಂಡರ್ ಜೊತೆ ಜಗಳ ಕಾದು ಬಂದೆ. ಪ್ರಯೋಜನವೇನೂ ಆಗಲಿಲ್ಲ.

ಕೊಯಮತ್ತೂರಿನದು ದೊಡ್ಡ ಜಾಗ. ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು, ಚಳಿ ಹಿಡಿಸುವ ಏಸಿ. ಅಲ್ಲಿನ ಡಾಕ್ಟರು ನನಗಿಂತ ತುಸು ದೊಡ್ಡವರಿರಬಹುದು. ಪೂವಿಳಿಗೆ ದೊಡ್ಡ ದೊಡ್ಡ ಗುಣಾಕಾರ ಕೊಟ್ಟರು. ಅವಳು ಮೀನನ್ನು ನೋಡುತ್ತಲೇ ಉತ್ತರ ಹೇಳಿದಳು. ಡಾಕ್ಟರು ಕುರ್ಚಿಯಿಂದಲೇ ಎದ್ದರು. "ಜೀನಿಯಸ್ ಕಣ್ರೀ! ಇದಕ್ಕೇನೂ ಆಗಿಲ್ಲ. ಒಲಿಂಪಿಯಾಡಿಗೆ ಹಾಕಿ. ಸ್ವಲ್ಪ ಹಠ ಬಿಡಿಸಿ."

"ನಿದ್ದೆ ಮಾಡಲ್ಲ ಸಾರ್. ಅಳಿಲು ಸತ್ತದ್ದಕ್ಕೆ..."

"ಬುದ್ಧಿವಂತ ಮಕ್ಕಳಿಗೆ ಏನ್ರೀ ಕಷ್ಟ? ಕಷ್ಟ ಇರೋದು ದಡ್ಡರಿಗೆ. ಖುಷಿಪಡಿ, ಹೋಗಿ."

ಅಂದು ಬಸ್ಸಿನಲ್ಲಿ ಪೂವಿಳಿ ಕಿಟಕಿಯ ಪಕ್ಕ ಕೂತಳು. ಈರೋಡು ದಾಟಿದ ಮೇಲೆ, "ಮಾಮಾ, ಆ ಮೀನು ಗಾಜಿಗೆ ಮೂಗು ತಿಕ್ಕಿ ತಿಕ್ಕಿ ಗಾಯ ಮಾಡ್ಕೊಂಡಿತ್ತು. ಅವರಿಗೆ ದಿನಾ ಕಾಣಲ್ವಾ?" ಎಂದಳು.

ಅಕ್ಕ ಎಲ್ಲ ಕೇಳಿ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಒಬ್ರು ಕಾಯಿಲೆ ಅಂದ್ರು, ಒಬ್ರು ಕಾಯಿಲೆನೇ ಅಲ್ಲ ಅಂದ್ರು. ಕರುಪ್ಪನ ಪೂಜಾರಿಯಾದ್ರೂ ಒಂದೇ ಮಾತು ಹೇಳ್ತಾನೆ."

ಆಡಿ ತಿಂಗಳು ಹುಟ್ಟಿಯಾಗಿತ್ತು. ಗಾಳಿ ಶೆಡ್ಡಿನ ತಗಡುಗಳನ್ನು ಬಡಿಯುತ್ತಿತ್ತು. ನಾನು ಆಗ ಲಾರಿಗೆ ಬಾಡಿ ಕಟ್ಟುವ ಒಂದು ಶೆಡ್ಡಿನಲ್ಲಿ ಬಣ್ಣ ಬಳಿಯುತ್ತಿದ್ದೆ. ಚಹಾದ ಹೊತ್ತಿನಲ್ಲಿ ಅರ್ಧ ಕಟ್ಟಿದ ಲಾರಿಯೊಳಗೆ ಹತ್ತಿ ಕೂತು, ಫೋನಿನಲ್ಲಿ ಸಿಕ್ಕ ಸಿಕ್ಕ ಮನೋವೈದ್ಯರಿಗೆ, ಮನಶ್ಶಾಸ್ತ್ರಜ್ಞರಿಗೆ ಕರೆ ಮಾಡತೊಡಗಿದೆ. ಮಧುರೈ, ವೆಲ್ಲೂರು, ಚೆನ್ನೈ, ತಿರುನೆಲ್ವೇಲಿ. ಎಲ್ಲರಿಗೂ ಒಂದೇ ಪ್ರಶ್ನೆ.

"ಬುದ್ಧಿ ಜಾಸ್ತಿ ಇರೋದರಿಂದಲೇ ನರಳೋ ಮಗುವನ್ನ ನೀವು ನೋಡಿದ್ದೀರಾ?"

"ಏನು? ಏನು ಸದ್ದು ಅಲ್ಲಿ? ಎಲ್ಲಿಂದ ಮಾತಾಡ್ತಿದ್ದೀರಿ?"

"ಲಾರಿ ಒಳಗಿಂದ. ನೋಡಿದ್ದೀರಾ?"

ಕೆಲವರು ಫೋನಿಟ್ಟರು. ಒಬ್ಬರು ಆಟಿಸಂ ಇರಬೇಕು ಎಂದರು, ಮಗುವಿನ ಹೆಸರನ್ನೂ ಕೇಳದೆ. ಒಬ್ಬರು ಅಂಥದ್ದೆಲ್ಲ ಅಮೆರಿಕದವರ ಕಾಯಿಲೆ ಎಂದು ನಕ್ಕರು. ಒಬ್ಬ ಹೆಂಗಸು ಪಾಪ, "ನಮಗೆ ಇದನ್ನ ಕಲಿಸಿಲ್ಲಪ್ಪ, ಸುಳ್ಳು ಹೇಳಲಾರೆ," ಎಂದು ಪ್ರಾಮಾಣಿಕವಾಗಿ ಹೇಳಿದಳು. ಶೆಡ್ಡಿನವರಿಗೆ ಇದೊಂದು ನಾಟಕವಾಯಿತು. "ಸೆಂಗೋಡ ಹೆಣ್ಣು ಹುಡುಕ್ತಿದಾನೋ, ಡಾಕ್ಟ್ರನ್ನ ಹುಡುಕ್ತಿದಾನೋ?" "ಎರಡೂ ಒಂದೇ ಕಣೋ, ಯಾರೂ ಒಪ್ತಿಲ್ಲ." ನಾನು ಬ್ರಷ್ ಎಸೆದೆ. ಮತ್ತೆ ಹೋಗಿ ಎತ್ತಿಕೊಂಡೆ. ಮರುದಿನ ಮತ್ತೆ ಫೋನು ಹಿಡಿದೆ.

ತಿರುಚ್ಚಿಯ ಆರೋಕ್ಯಮೇರಿ ಎಂಬ ಮನಶ್ಶಾಸ್ತ್ರಜ್ಞೆ ನನ್ನ ಪ್ರಶ್ನೆ ಪೂರ್ತಿ ಕೇಳಿದರು. ಆಮೇಲೆ, "ನರಳ್ತಿರೋದು ಯಾರು? ಮಗುನಾ, ನೀವಾ?" ಎಂದರು.

ಫೋನ್ ಕತ್ತರಿಸಿದೆ. ಎಷ್ಟು ಕೊಬ್ಬು ಈ ಹೆಂಗಸಿಗೆ ಎಂದು ಇಡೀ ದಿನ ಕುದಿದೆ. ಮರುದಿನ ನಾನೇ ಮತ್ತೆ ಮಾಡಿದೆ.

"ಗೊತ್ತಿತ್ತು, ಮಾಡ್ತೀರ ಅಂತ," ಎಂದರು. "ಶನಿವಾರ ಕರ್ಕೊಂಡು ಬನ್ನಿ. ಹೊಟ್ಟೆ ತುಂಬ ತಿಂಡಿ ತಿನ್ನಿಸಿ. ಮಾತಾಡೋಣ, ಆದ್ರೆ ಒಂದು ಟೆಸ್ಟೂ ಮಾಡೋಣ."

ಟೆಸ್ಟು. ಆ ಒಂದು ಪದ ಬಿಟ್ಟು ಇನ್ನೇನೂ ನನ್ನ ಕಿವಿಗೆ ಬೀಳಲಿಲ್ಲ.

ನಮ್ಮೂರಿನಲ್ಲಿ ಟೆಸ್ಟ್ ಎಂದರೆ ಹಳೆಯ ಪ್ರಶ್ನೆಪತ್ರಿಕೆ ತರಬೇಕು, ಅರೆಯಬೇಕು, ಕುಡಿಸಬೇಕು. ಅದನ್ನು ಬೈಯುತ್ತಲೇ ಬೆಳೆದ ನಾನೂ ಅದನ್ನೇ ಮಾಡಿದೆ. ದೊಡ್ಡ ಅಂಕಿಯೊಂದು ಸಿಕ್ಕರೆ ಸಾಕು, ಗೌಂಡರ್ ಮುಖಕ್ಕೆ ಹಿಡಿಯುತ್ತೇನೆ, ಕರುಪ್ಪನ ಪೂಜಾರಿಯ ಮುಖಕ್ಕೂ ಹಿಡಿಯುತ್ತೇನೆ. ಬುದ್ಧಿಯನ್ನು ಅಳೆಯುವ ಪರೀಕ್ಷೆಗಳಲ್ಲಿ ಏನೇನು ಕೇಳುತ್ತಾರೆಂದು ಫೋನಿನಲ್ಲಿ ಹುಡುಕಿದೆ. ಕೆಂಪು, ಬಿಳಿ ಬಣ್ಣದ ಬ್ಲಾಕುಗಳನ್ನು ಜೋಡಿಸಿ ಚಿತ್ರ ಮಾಡುವುದೊಂದಿತ್ತು. ಲಾರಿಯ ಹಲಗೆಯ ತುಂಡುಗಳನ್ನು ಕೊಯ್ದು, ಉಜ್ಜಿ, ಲಾರಿಯ ಬಣ್ಣವನ್ನೇ ಹಚ್ಚಿ ಬ್ಲಾಕು ಮಾಡಿದೆ. ಸಂಜೆ ಸಂಜೆ ಕೂರಿಸಿ ಅಭ್ಯಾಸ ಮಾಡಿಸಿದೆ. ಪೂವಿಳಿ ಮೊದಲ ದಿನ ಖುಷಿಯಿಂದ ಮಾಡಿದಳು. ಆಮೇಲೆ ಆಕಳಿಸುತ್ತಾ ಮಾಡಿದಳು. "ಇನ್ನೊಂದ್ ಸಲ" ಎಂದೆ. "ಬೇಗ" ಎಂದೆ. ನನ್ನ ದನಿ ಅವಳ ಟೀಚರಿನ ದನಿಯಂತೆಯೇ ಇದ್ದಿರಬೇಕು.

ಆರೋಕ್ಯಮೇರಿಯ ಕೋಣೆ ಒಂದು ಬೇಕರಿಯ ಮೇಲಿತ್ತು. ಮೆಟ್ಟಿಲು ತುಂಬ ಬನ್ನಿನ ವಾಸನೆ. ನರೆತ ಕೂದಲು, ನೂಲಿನ ಸೀರೆ, ಒರಟು ಧ್ವನಿ. ಮಾರ್ಕ್ ಶೀಟ್ ಚಾಚಿದೆ. "ಒಳಗಿಡಿ," ಎಂದರು. ಪೆಟ್ಟಿಗೆ ತೆರೆದು ಕೆಂಪು, ಬಿಳಿ ಬ್ಲಾಕುಗಳನ್ನು ಮೇಜಿನ ಮೇಲಿಟ್ಟರು. ಅಭ್ಯಾಸ ಮಾಡಿಸಿದ್ದೇ ಬಂತು ಎಂದು ಹಿಗ್ಗಿದೆ.

"ಇದು ನಮ್ಮನೇಲೂ ಇದೆ," ಎಂದಳು ಪೂವಿಳಿ. "ಮಾಮ ಮಾಡಿದ್ದು. ನಿಮ್ಮದಕ್ಕಿಂತ ದಪ್ಪ."

ಆರೋಕ್ಯಮೇರಿ ನನ್ನತ್ತ ನೋಡಿದರು.

"ಇದೆಲ್ಲ ನಾನು ಮಾಡಿಬಿಟ್ಟಿದ್ದೀನಿ. ಈಗ ಬೇಗ ಮಾಡಿದ್ರೆ ಮೋಸ ಆಗಲ್ವಾ?" ಎಂದಳು ಪೂವಿಳಿ, ನಿಜವಾಗಿಯೂ ಉತ್ತರ ಬೇಕೆಂಬಂತೆ.

ಅವರು ಬ್ಲಾಕುಗಳನ್ನು ತಿರುಗಿ ಪೆಟ್ಟಿಗೆಗೆ ಹಾಕಿ ಮುಚ್ಚಿದರು. "ಆಗತ್ತೆ. ಹೇಳಿದ್ದಕ್ಕೆ ಥ್ಯಾಂಕ್ಸ್. ಇನ್ನು ಒಂದು ವರ್ಷ ಈ ಟೆಸ್ಟ್ ಮಾಡೋ ಹಾಗಿಲ್ಲ."

"ಒಂದು ವರ್ಷಾನಾ?" ನಾನು ಎದ್ದು ನಿಂತೆ. "ಆಡಿ ಅಮಾವಾಸ್ಯೆಗೆ ಇದನ್ನ ಗುಡಿಯೊಳಗೆ ಹಾಕಿ ಬಾಗಿಲು ಮುಚ್ತಾರೆ ಮೇಡಂ! ನನಗೆ ನಂಬರ್ ಬೇಕು. ಒಂದು ನಂಬರ್ ಬರ್ಕೊಡಿ, ನಿಮ್ಮ ಕೈ ಸವೆಯಲ್ಲ!"

"ಸುಳ್ಳು ನಂಬರ್ ಬರ್ಕೊಡ್ಲಾ? ಆಗ ಅದು ಕೂಡ ನಿಮ್ಮೂರಿನ ಫ್ಲೆಕ್ಸೇ ಆಯ್ತಲ್ಲ. ಕೂತ್ಕೊಳಿ. ನಾಮಕ್ಕಲ್ಲಿಂದ ಬರೋರು ಎಲ್ಲದಕ್ಕೂ ಕೋಚಿಂಗ್ ಕೊಟ್ಟೇ ಕರ್ಕೊಂಡು ಬರೋದು, ನನಗೆ ಅಭ್ಯಾಸ ಆಗಿದೆ. ಆದ್ರೆ ಮರ ಕೊಯ್ದು ಬ್ಲಾಕು ಮಾಡ್ಕೊಂಡು ಬಂದವರು ನೀವೇ ಮೊದಲು." ಅವರ ಬಾಯಿಯ ಒಂದು ತುದಿ ಮಾತ್ರ ನಕ್ಕಿತು. "ಮಗುವನ್ನ ಅರ್ಥ ಮಾಡ್ಕೊಳೋಕೆ ನನಗೆ ನಂಬರ್ ಬೇಕಿಲ್ಲ. ನಂಬರ್ ಬೇಕಿರೋದು ನಿಮಗೆ, ಯಾರಿಗೋ ಹೊಡೆಯೋಕೆ."

ಕೂತೆ.

ಅವರು ಪೂವಿಳಿಯ ಕಡೆ ತಿರುಗಿದರು. "ನಾನು ಕೇಳೋದು ಮುಗೀತು. ನಿನಗೇನು ಕೇಳಬೇಕು?"

ಪೂವಿಳಿ ಒಂದು ಕ್ಷಣವೂ ಯೋಚಿಸಲಿಲ್ಲ. "ಕಿವಿ ತೂತು ಯಾಕೆ ಮುಚ್ಚೋದಿಲ್ಲ?"

"ಗೊತ್ತಿಲ್ಲ."

ಪೂವಿಳಿ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು. "ಗೊತ್ತಿಲ್ವಾ? ನೀವು ಡಾಕ್ಟ್ರಲ್ವಾ?"

"ಆದ್ರೇನು? ಊಹೆ ಇದೆ. ಮೊದಲು ನಿನ್ನದು ಹೇಳು."

"ತಂತಿ ಅಡ್ಡ ಇರತ್ತೆ, ಅದಕ್ಕೆ ಎರಡು ಕಡೆ ಚರ್ಮ ಕೈ ಕೈ ಹಿಡ್ಕೊಳೋಕಾಗಲ್ಲ. ಆದ್ರೆ ತಂತಿ ತೆಗೆದ ಮೇಲೂ ಅಮ್ಮನ ಕಿವಿ ತೂತು ಹಾಗೇ ಇದೆ. ಅಲ್ಲೇ ನಾನು ಸಿಕ್ಕಿಹಾಕ್ಕೊಂಡಿದ್ದೀನಿ."

"ನಾನೂ ಅಲ್ಲೇ ಸಿಕ್ಕಿಹಾಕ್ಕೊಂಡೆ. ತಿಳಿದವರನ್ನ ಕೇಳೋಣ." ಕಿವಿ ಮೂಗು ಗಂಟಲಿನ ಡಾಕ್ಟರಾಗಿದ್ದ ತಮ್ಮ ಗೆಳತಿಗೆ ಫೋನು ಮಾಡಿ ಪೂವಿಳಿಯ ಕೈಗೇ ಕೊಟ್ಟರು. ಚರ್ಮ ತೂತಿನ ಒಳಗೋಡೆಯುದ್ದಕ್ಕೂ ಬೆಳೆದು ಅದಕ್ಕೆ ಅಸ್ತರು ಹಾಕುತ್ತದೆಯಂತೆ, ಸುರಂಗದ ಹಾಗೆ. ಅಸ್ತರು ಪೂರ್ತಿಯಾದ ಮೇಲೆ ಅದು ಗಾಯವೇ ಅಲ್ಲವಂತೆ, ಮೈಯ ಒಂದು ಭಾಗವಂತೆ. ಮೊದಲೇ ತೆಗೆದರೆ ಮುಚ್ಚಿಕೊಳ್ಳುತ್ತದೆಯಂತೆ. ಫೋನಿಟ್ಟ ಪೂವಿಳಿಯ ಮುಖವನ್ನು ನಾನು ಹಾಗೆ ನೋಡಿ ಬಹಳ ಕಾಲವಾಗಿತ್ತು. ಹಸಿದವರು ಉಂಡೆದ್ದ ಮುಖ.

ಆಮೇಲೆ ಅವಳು ತಾನಾಗಿಯೇ ಮಾತಾಡಿದಳು. "ನನ್ನ ತಲೆ ನಿಲ್ಲೋದಿಲ್ಲ. ಕೇಳಿದ್ರೆ ಎಲ್ರೂ ಬೈತಾರೆ. ಕೇಳದಿದ್ರೆ ಒಳಗೆ ಗಿಜಿಗಿಜಿ ಆಗತ್ತೆ, ನಿದ್ದೆ ಬರಲ್ಲ." ಆಮೇಲೆ, "ಅಪ್ಪಾರು ಹೇಳಿದ್ದು ನಿಜಾನಾ? ನಾನು ಅರೆಹುಚ್ಚಿನಾ?"

ಅಜ್ಜ ಹೇಳಿದ್ದನ್ನು ಅವಳು ಇಷ್ಟು ದಿನ ಹೊತ್ತು ತಿರುಗಿದ್ದಳು. ನನಗೆ ಹೇಳಿರಲಿಲ್ಲ.

"ಅಲ್ಲ," ಎಂದರು ಆರೋಕ್ಯಮೇರಿ. ಸುತ್ತಿ ಬಳಸಲಿಲ್ಲ, ತಲೆ ಸವರಲಿಲ್ಲ. "ನಿನ್ನ ತಲೆ ನಿನಗಿಂತ ಮುಂದೆ ಓಡತ್ತೆ. ಮನಸ್ಸಿಗೆ ಎಂಟೇ ವರ್ಷ, ಅದು ಹಿಂದಿಂದ ಓಡಿ ಬರತ್ತೆ. ಚರ್ಮ, ಕಿವಿ, ಕಣ್ಣು ಎಲ್ಲ ಬೇರೆಯವರಿಗಿಂತ ಜಾಸ್ತಿ ಕೇಳಿಸ್ಕೊಳತ್ತೆ. ಸುಸ್ತಾಗತ್ತೆ ಅಲ್ವಾ?"

ಪೂವಿಳಿ ತಲೆಯಾಡಿಸಿದಳು. ಅಳುತ್ತಿದ್ದಳು, ಆದರೆ ಸದ್ದಿಲ್ಲದೆ.

ಅವಳನ್ನು ಬನ್ನು ತಿನ್ನಲು ಕೆಳಗೆ ಕಳಿಸಿ ಅವರು ನನ್ನತ್ತ ತಿರುಗಿದರು. "ನೀವು ಯಾವ ಕ್ಲಾಸಿಗೆ ಬಿಟ್ರಿ?"

"ನಾನು ಮಗುಗೋಸ್ಕರ ಬಂದಿರೋದು."

"ಅದಕ್ಕೇ ಕೇಳ್ತಿರೋದು."

"ಎಂಟು."

"ಹೊಡೆದ್ರಾ?"

ನಾನು ಹೊರಗೆ ನೋಡಿದೆ. ಕಿಟಕಿಯಾಚೆ ಚರ್ಚಿನ ಗೋಪುರದ ಮೇಲೆ ಪಾರಿವಾಳಗಳು. ಗುಡಿಯಲ್ಲಿ ಮುಖಕ್ಕೆ ಎರಚಿದ ಮಧ್ಯಾಹ್ನದ ನೀರು ನೆನಪಾಯಿತು.

"ನೋಡಿ ಸೆಂಗೋಡನ್. ಇಂಥ ತಲೆ ಇದ್ದವರು ದೊಡ್ಡವರಾದ ಮೇಲೆ ಹೇಗಿರ್ತಾರೆ ಅಂತ ಆ ಮಗೂಗೆ ತೋರಿಸೋಕೆ ಇರೋದು ನೀವೊಬ್ರೇ. ಅದು ನಿಮ್ಮ ಮುಖವನ್ನ ಓದ್ತಾ ಇರತ್ತೆ, ನಾನು ಈಗಷ್ಟೇ ನೋಡಿದೆ. ನೀವು ಯಾರ ಜೊತೆ ಜಗಳ ಮಾಡಿದ್ರೂ ಅದಕ್ಕೆ ಪಾಠ. ಅದನ್ನ ವಾರ ವಾರ ಕರ್ಕೊಂಡು ಬನ್ನಿ. ಅದು ಒಂದು ಗಂಟೆ, ನೀವು ಒಂದು ಗಂಟೆ. ಒಪ್ಪದಿದ್ರೆ ಬೇರೆಯವರನ್ನ ಹುಡುಕಿ."

"ನನಗೇನೂ ಆಗಿಲ್ಲ."

"ಮುಂದಿನ ವಾರ ಅಮ್ಮನ್ನೂ ಕರ್ಕೊಂಡು ಬನ್ನಿ," ಎಂದರು, ನಾನು ಹೇಳಿದ್ದು ಕೇಳಿಸಲೇ ಇಲ್ಲ ಎಂಬಂತೆ.

ತಿರುಚ್ಚಿ ಪಕ್ಕದ ಸಮಯಪುರದ ಮಾರಿಯಮ್ಮನಿಗೆ ಹರಕೆ ಎಂದು ಮಾವನಿಗೆ ಸುಳ್ಳು ಹೇಳಿ ಅಕ್ಕ ಬಂದಳು. ಮಗಳೂ ಅವಳೂ ಒಳಗಿದ್ದಷ್ಟು ಹೊತ್ತು ನಾನು ಬೇಕರಿಯ ಮುಂದೆ ನಿಂತಿದ್ದೆ. ಕೆಳಗೆ ಇಳಿದು ಬಂದಾಗ ಅಕ್ಕನ ಕಣ್ಣು ಊದಿಕೊಂಡಿತ್ತು.

"ಏನಂದ್ರು?"

"ಅವರೇನೂ ಹೇಳಲಿಲ್ಲ, ಮಗು ಬಾಯಲ್ಲೇ ಹೇಳಿಸಿದ್ರು. ನಾನು ಕೇಳಿಸ್ಕೊಂಡೆ." ಸೆರಗಿನಿಂದ ಮೂಗೊರೆಸಿಕೊಂಡಳು. "ಅಮ್ಮ ನಿನ್ನನ್ನ ಗುಡಿಗೆ ಬಿಟ್ಟು ಬಂದ ದಿನ ನಾನೂ ಹೋಗಿದ್ದೆ ಕಣೋ. ಬಾಗಿಲು ಹಾಕೋವಾಗ ನೀನು ನನ್ನನ್ನ ನೋಡಿದೆ. ಆ ಕಣ್ಣೇ ಇದಕ್ಕೂ ಇದೆ." ಪೂವಿಳಿಯ ಬೆರಳು ಹಿಡಿದುಕೊಂಡು, "ನಡಿ, ಮಾರಿಯಮ್ಮನ್ನೂ ನೋಡ್ಕೊಂಡೇ ಹೋಗೋಣ. ಸುಳ್ಳಾದ್ರೂ ಅರ್ಧ ಕಡಿಮೆಯಾಗ್ಲಿ," ಎಂದಳು.

ಅವತ್ತೇ ಸಂಜೆ ಗಂಡನಿಗೆ ಫೋನು ಮಾಡಿದಳು. ನಿನಗೆ ಸರಿ ಕಂಡದ್ದನ್ನು ಮಾಡು, ಅಪ್ಪನ ಹತ್ತಿರ ಮಾತ್ರ ನಾನು ಮಾತಾಡಲ್ಲ ಎಂದನಂತೆ. ಅಷ್ಟು ಸಾಕು ಎಂದಳು ಅಕ್ಕ. ಮುಂದಿನ ವಾರ ಆರೋಕ್ಯಮೇರಿಯ ಎದುರು ನನ್ನ ಒಂದು ಗಂಟೆಯೂ ಶುರುವಾಯಿತು. ಮೊದಲ ಅರ್ಧ ಗಂಟೆ ನಾನು ಫ್ಯಾನನ್ನೇ ನೋಡುತ್ತಾ ಕೂತಿದ್ದೆ. ಅವರೂ ಕೂತಿದ್ದರು.

ಆಡಿ ಅಮಾವಾಸ್ಯೆ ಶನಿವಾರವೇ ಬಂತು. ಬೆಳಿಗ್ಗೆ ನಾನು ಪೂವಿಳಿಯನ್ನು ಕರೆದೊಯ್ಯಲು ಬಂದಾಗ ಅಕ್ಕನ ಮನೆಯ ಮುಂದೆ ವ್ಯಾನು ನಿಂತಿತ್ತು. ಎದುರಿನ ಚಹಾ ಅಂಗಡಿಯ ಬೆಂಚು ಭರ್ತಿ; ಬೀದಿಯವರೆಲ್ಲ ಅಲ್ಲಿದ್ದರು. ಗೌಂಡರ್ ಬಿಳಿ ವೇಷ್ಟಿಯಲ್ಲಿ, ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದರು. ತಟ್ಟೆಯಲ್ಲಿ ವಿಭೂತಿ, ನಿಂಬೆಹಣ್ಣು, ಅರಿಶಿನದ ಹಗ್ಗ.

"ಬಾರಪ್ಪಾ ಮಾಮಾ. ಮಾತು ಕೊಟ್ಟಿದ್ದೆಯಂತಲ್ಲ. ಕಟ್ಟು."

ಅಕ್ಕ ಹೊಸ್ತಿಲ ಮೇಲೆ ಬಂದು ನಿಂತಳು. "ಅವನು ಮಾತು ಉಳಿಸ್ಕೊಂಡಿದಾನೆ ಮಾವಾ. ನನಗೆ ತಿಳಿಯೋ ಹಾಗೆ ಹೇಳೋರು ಸಿಕ್ಕಿದಾರೆ. ಪೂವಿ ಗುಡಿಗೆ ಬರಲ್ಲ."

"ಯಾರು ಸಿಕ್ಕಿದ್ದು? ಏನು ಬರ್ಕೊಟ್ರು? ಎಷ್ಟಂತೆ ಬುದ್ಧಿ, ಹೇಳು, ನಾವೂ ಕೇಳೋಣ."

"ನಂಬರ್ ಇಲ್ಲ."

"ಇಲ್ವಾ?" ಗೌಂಡರ್ ಬೆಂಚಿನ ಕಡೆ ತಿರುಗಿದರು. "ಕೇಳಿದ್ರೇನ್ರೋ? ತಿರುಚ್ಚಿವರೆಗೂ ಹೋಗಿ ಸೊನ್ನೆ ತಗೊಂಡು ಬಂದಿದಾರೆ!"

ಬೆಂಚು ನಕ್ಕಿತು. ನಮ್ಮ ತಿರುಚ್ಚಿಯ ಓಡಾಟ ಶೆಡ್ಡಿನವರ ಬಾಯಿಂದ ಊರಿಗೆಲ್ಲ ಗೊತ್ತಾಗಿತ್ತು. ಪೂವಿಳಿ ಅಮ್ಮನ ಪಕ್ಕದಿಂದ ತೂರಿ ಹೊರಬಂದಳು, ಹೆಗಲಿಗೆ ಚೀಲ. "ಅಪ್ಪಾರು, ಮುಂದಿನ ತಿಂಗಳು ಆವಣಿಲಿ ಕಿವಿ ಚುಚ್ಚಿಸ್ಕೋತೀನಿ. ಮಾಮನ ಮಡಿಲಲ್ಲೇ. ತೂತು ಯಾಕೆ ಮುಚ್ಚಲ್ಲ ಅಂತ ಗೊತ್ತಾಯ್ತು. ಹೇಳ್ಲಾ?"

ಅವರು ಅವಳನ್ನು ನೋಡಲೂ ಇಲ್ಲ. ನಾನು ಕಟ್ಟದೆ ಆ ಪೂಜಾರಿ ಮಗುವನ್ನು ಮುಟ್ಟುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹಗ್ಗವನ್ನು ತೆಗೆದು ನನ್ನ ಕಾಲ ಬಳಿ ಎಸೆದರು.

"ಥೂ! ನೀನೂ ಹೋಗ್ತೀಯಂತಲ್ಲೋ ಹುಚ್ಚಿನ ಡಾಕ್ಟ್ರ ಹತ್ರ? ಮಗೂಗೆ ಅಂತ ಹೊರಟು ನೀನೇ ಹೋಗಿ ಮಲಗಿದೆಯಂತೆ ಅಲ್ಲಿ! ಎಂಟನೇ ಕ್ಲಾಸಿನ ಹುಚ್ಚಾ, ಹೆಂಗಸಿನ ಮುಂದೆ ಕೂತು ಅತ್ತೆಯೇನೋ? ಯಾರ ಮನೆ ಹೆಣ್ಣು ಬರ್ತಾಳೋ ನಿನಗೆ ಇನ್ನು? ಮಾತಾಡೋ! ಗುಡಿ ಮುಂದೆ ಇದ್ದ ನಾಲಿಗೆ ಎಲ್ಲಿ ಹೋಯ್ತು?"

ನಾಲಿಗೆ ಎಲ್ಲಿಗೂ ಹೋಗಿರಲಿಲ್ಲ. ಬಾಯೊಳಗೇ ಇತ್ತು, ಚಾಕುವಿನಂತೆ. ಹೇಳಬಹುದಾದ ಮಾತುಗಳು ಒಂದರ ಹಿಂದೆ ಒಂದು ಸಾಲುಗಟ್ಟಿ ನಿಂತಿದ್ದವು. ಅವರ ಮಗನ ಬಗ್ಗೆ, ಅವರ ಭಯದ ಬಗ್ಗೆ, ಇಡೀ ಬೆಂಚು ಅವರ ಕಡೆಯಿಂದ ನನ್ನ ಕಡೆಗೆ ತಿರುಗಿ ನಗುವಂಥವು. ಚಹಾ ಅಂಗಡಿಯವನು ಹಾಲು ಎತ್ತಿ ಸುರಿಯುವುದನ್ನೂ ನಿಲ್ಲಿಸಿ ಕಾಯುತ್ತಿದ್ದ.

ಪೂವಿಳಿ ನನ್ನ ಮುಖವನ್ನು ನೋಡುತ್ತಿದ್ದಳು. ರೆಪ್ಪೆ ಮಿಟುಕಿಸದೆ, ಮಣ್ಣಿನ ಕುದುರೆಯ ಕಾಲುಗಳ ನಡುವಿನಿಂದ ನೋಡಿದ್ದ ಹಾಗೆಯೇ.

"ಬಸ್ಸು ತಪ್ಪತ್ತೆ ಸೆಂಗೋಡಾ," ಎಂದಳು ಅಕ್ಕ ಹೊಸ್ತಿಲಿನಿಂದ. "ಕಾವೇರಿ ಸ್ನಾನದ ಜನ ಇರ್ತಾರೆ ಇವತ್ತು. ಸೀಟು ಸಿಗಲ್ಲ. ಹೊರಡು, ಇಲ್ಲಿ ನಾನಿದ್ದೀನಿ."

ಹಗ್ಗವನ್ನು ದಾಟಿದೆ. ಪೂವಿಳಿಯ ಹೆಗಲಿನಿಂದ ಚೀಲ ತೆಗೆದು ನನ್ನ ಹೆಗಲಿಗೆ ಹಾಕಿಕೊಂಡು ಕೈ ಚಾಚಿದೆ. ಅವಳು ಹಿಡಿದುಕೊಂಡಳು. ಹಿಂದಿನಿಂದ ಗೌಂಡರ್ ಇನ್ನೂ ಕೂಗುತ್ತಿದ್ದರು. ನಾವು ತಿರುಚ್ಚಿಗೆ ಹೋಗುವ ಮುಸಿರಿ ರಸ್ತೆಯ ಬಸ್‌ಸ್ಟಾಪಿನ ಕಡೆ ನಡೆದೆವು.